ಎನ್‌ಕ್ರಿಪ್ಟ್ ಆದ ಬ್ಯಾಕಪ್ ರೆಪೊಸಿಟರಿಯ ಫಾರ್ಮ್ಯಾಟ್ ರೂಪಿಸುವುದು ಹೇಗೆ: ಹಂತ ಹಂತದ ಸಮಗ್ರ ಮಾರ್ಗದರ್ಶಿ

ತಿಪಟೂರಿನ ಕೊಬ್ಬರಿ ಮಂಡಿಯ ಒಂದು ಕಚೇರಿಯನ್ನು ಊಹಿಸಿಕೊಳ್ಳಿ. ಲೆಕ್ಕದ ಸಾಫ್ಟ್‌ವೇರಿನ ಡೇಟಾ ಇದೆ. ರೈತರ ಬ್ಯಾಂಕ್ ಖಾತೆ ವಿವರ, ಸ್ಕ್ಯಾನ್ ಮಾಡಿದ ಬಿಲ್ಲು, ಆಧಾರ್ ಪ್ರತಿ, ಎಲ್ಲವೂ ಇದೆ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅಂದರೆ ಇವತ್ತು ತೆಗೆದ ಬ್ಯಾಕಪ್ಪನ್ನು ಆರೇಳು ವರ್ಷ ಆದಮೇಲೆ, ಬೇರೆ ಕಂಪ್ಯೂಟರಿನಲ್ಲಿ, ಬೇರೆ ಯಾರೋ ತೆರೆಯಬೇಕಾಗಬಹುದು. ಆ ಹೊತ್ತಿಗೆ ಈ ಪ್ರೋಗ್ರಾಂ ಬರೆದವರು ಬೆಂಗಳೂರಿನಲ್ಲೋ ಬೇರೆ ದೇಶದಲ್ಲೋ ಇರುತ್ತಾರೆ.

ಪ್ರೋಗ್ರಾಂ ಅನ್ನು ವಾರಕ್ಕೊಮ್ಮೆ ಬದಲಾಯಿಸಬಹುದು. ಡಿಸ್ಕಿಗೆ ಬರೆದ ಬೈಟುಗಳನ್ನು ಹಾಗೆ ಬದಲಾಯಿಸಲು ಆಗುವುದಿಲ್ಲ. ಅದಕ್ಕೇ ಕೋಡ್ ಬರೆಯುವ ಮೊದಲು ಫಾರ್ಮ್ಯಾಟ್, ಅಂದರೆ ಬ್ಯಾಕಪ್ಪಿನ ಸಂಗ್ರಹದಲ್ಲಿ (ರೆಪೊಸಿಟರಿ) ಬೈಟುಗಳು ಹೇಗೆ ಜೋಡಣೆಯಾಗಬೇಕು ಎಂಬ ನಿಯಮ, ಬರೆಯಬೇಕು. ಅದರಲ್ಲೂ ಆಮೇಲೆ ಬದಲಾಯಿಸಲು ಆಗದ ತೀರ್ಮಾನಗಳನ್ನು ಮೊದಲು ತೆಗೆದುಕೊಳ್ಳಬೇಕು. ಈ ಮಾರ್ಗದರ್ಶಿ ಅದೇ ಕ್ರಮದಲ್ಲಿ ಸಾಗುತ್ತದೆ. ತುಮಕೂರು ಜಿಲ್ಲೆಯ ಮಂಡಿ, ಆಡಿಟರ್ ಆಫೀಸು, ಮದುವೆ ಫೋಟೊ ಸ್ಟುಡಿಯೋಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವವರನ್ನು, ಕೊನೆಯ ವರ್ಷದ ಪ್ರಾಜೆಕ್ಟಿಗೆ ಗಟ್ಟಿ ವಿಷಯ ಹುಡುಕುತ್ತಿರುವ ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ರೆಸ್ಟಿಕ್, ಬೋರ್ಗ್ ಎಂಬ ಉಚಿತ ಉಪಕರಣಗಳು ಈ ಕೆಲಸವನ್ನು ಚೆನ್ನಾಗಿ ಮಾಡುತ್ತವೆ. ನಿಮ್ಮ ಹೊಸ ಫಾರ್ಮ್ಯಾಟ್ ಗಟ್ಟಿಯಾಗುವವರೆಗೆ ಗಿರಾಕಿಯ ನಿಜವಾದ ಡೇಟಾ ಅವುಗಳಲ್ಲೇ ಇರಲಿ. ಎನ್‌ಕ್ರಿಪ್ಷನ್ ಅಲ್ಗಾರಿದಂ ಅನ್ನಂತೂ ಸ್ವಂತವಾಗಿ ಕಟ್ಟಲು ಹೋಗಬೇಡಿ. ಇಲ್ಲಿ ನಾವು ಕಟ್ಟುವುದು ಜೋಡಣೆಯನ್ನು ಮಾತ್ರ.

ಹಂತ 1: ಎದುರಿಗೆ ಯಾರಿದ್ದಾರೆ ಎಂದು ಬರೆದುಕೊಳ್ಳಿ

ಬ್ಯಾಕಪ್ ಇರುವ ಜಾಗವನ್ನು ನಂಬಬೇಡಿ. ಅದು ಕ್ಲೌಡ್ ಆಗಿರಲಿ, ಬೀರುವಿನಲ್ಲಿಟ್ಟ ಹಾರ್ಡ್ ಡಿಸ್ಕ್ ಆಗಿರಲಿ. ಆ ಜಾಗ ಕೈಗೆ ಸಿಕ್ಕವರು ನಾಲ್ಕು ಕೆಲಸ ಮಾಡಬಹುದು: ಓದಬಹುದು, ತಿದ್ದಬಹುದು, ಅಳಿಸಬಹುದು, ಹಳೆಯದನ್ನೇ ಹೊಸದು ಎಂದು ತೋರಿಸಬಹುದು.

ಓದುವುದನ್ನು ಎನ್‌ಕ್ರಿಪ್ಷನ್ ತಡೆಯುತ್ತದೆ. ತಿದ್ದಿದ್ದನ್ನು ದೃಢೀಕರಣದ ಟ್ಯಾಗ್ (ಡೇಟಾ ಮತ್ತು ಗುಟ್ಟಿನ ಕೀ ಸೇರಿಸಿ ಲೆಕ್ಕ ಹಾಕಿದ ಸಣ್ಣ ಮುದ್ರೆ) ಹಿಡಿದುಕೊಡುತ್ತದೆ. ಅಳಿಸಿದರೆ ಯಾವ ಗಣಿತವೂ ಕಾಪಾಡುವುದಿಲ್ಲ, ಇನ್ನೊಂದು ಪ್ರತಿಯೇ ಬೇಕು. ನಾಲ್ಕನೆಯದು ಸ್ವಲ್ಪ ಮೋಸದ್ದು. ಕಳೆದ ತಿಂಗಳ ರೆಪೊಸಿಟರಿಯನ್ನು ಹಾಗೇ ವಾಪಸ್ ತಂದಿಟ್ಟರೆ ಪ್ರತಿ ಟ್ಯಾಗೂ ಸರಿಯಾಗಿಯೇ ಇರುತ್ತದೆ. ಇದನ್ನು ಹಿಡಿಯಬೇಕಾದರೆ ಕೊನೆಯ ಸ್ನ್ಯಾಪ್‌ಶಾಟಿನ (ಒಂದು ಸಲದ ಬ್ಯಾಕಪ್ಪಿನ ದಾಖಲೆ) ಗುರುತನ್ನು ಕಚೇರಿಯ ಕಂಪ್ಯೂಟರ್ ತನ್ನ ಬಳಿಯೂ ನೆನಪಿಟ್ಟುಕೊಳ್ಳಬೇಕು. ಜೊತೆಗೆ ಪ್ರತಿ ಸ್ನ್ಯಾಪ್‌ಶಾಟಿನೊಳಗೂ ಅದರ ಹಿಂದಿನದರ ಗುರುತು ಇರಬೇಕು.

ಏನು ಮುಚ್ಚಿಡಲು ಆಗುವುದಿಲ್ಲ ಎಂಬುದನ್ನೂ ಬರೆಯಿರಿ. ಒಟ್ಟು ಗಾತ್ರ, ಬ್ಯಾಕಪ್ ಆದ ಸಮಯ, ಪ್ರತಿ ಸಲ ಎಷ್ಟು ಡೇಟಾ ಹೋಯಿತು, ಇವು ಹೊರಗೆ ಕಾಣುತ್ತವೆ. ಗಿರಾಕಿಗೆ ಇದನ್ನು ಮೊದಲೇ ಹೇಳುವುದು ನಮ್ಮ ಕರ್ತವ್ಯ.

ಹಂತ 2: ಕೀಗಳನ್ನು ಪದರ ಪದರವಾಗಿ ಜೋಡಿಸಿ

ಪಾಸ್‌ವರ್ಡಿನಿಂದ ನೇರವಾಗಿ ಡೇಟಾ ಎನ್‌ಕ್ರಿಪ್ಟ್ ಮಾಡಬೇಡಿ. ಹಾಗೆ ಮಾಡಿದರೆ ಪಾಸ್‌ವರ್ಡ್ ಬದಲಾಯಿಸಿದ ದಿನ ಒಂದು ಟಿಬಿ ಡೇಟಾವನ್ನು ಮತ್ತೆ ಬರೆಯಬೇಕಾಗುತ್ತದೆ.

ರೆಪೊಸಿಟರಿ ಹುಟ್ಟುವಾಗ 32 ಬೈಟಿನ ಒಂದು ಮಾಸ್ಟರ್ ಕೀಯನ್ನು ಯಾದೃಚ್ಛಿಕವಾಗಿ ತೆಗೆಯಿರಿ. ಅದು ಎಂದೂ ಬದಲಾಗುವುದಿಲ್ಲ. ಪಾಸ್‌ವರ್ಡಿನಿಂದ ಬೇರೊಂದು ಕೀ ಹುಟ್ಟಿಸಿ, ಅದರಿಂದ ಮಾಸ್ಟರ್ ಕೀಯನ್ನು ಮುಚ್ಚಿ ಒಂದು ಸಣ್ಣ ಫೈಲಿನಲ್ಲಿಡಿ. ಮಂಡಿಯ ಯಜಮಾನರಿಗೆ ಒಂದು ಕೀ ಫೈಲು, ಮಗಳಿಗೆ ಒಂದು, ಆಡಿಟರಿಗೆ ಒಂದು. ಎಲ್ಲದರ ಒಳಗೂ ಅದೇ ಮಾಸ್ಟರ್ ಕೀ. ಪಾಸ್‌ವರ್ಡ್ ಬದಲಾದರೆ ಒಂದು ಫೈಲು ಬದಲಾದರೆ ಸಾಕು.

ಇದಕ್ಕೊಂದು ಮಿತಿ ಇದೆ. ಹಳೆಯ ಕೀ ಫೈಲನ್ನು ಯಾರಾದರೂ ನಕಲು ಮಾಡಿಕೊಂಡಿದ್ದರೆ, ಹಳೆಯ ಪಾಸ್‌ವರ್ಡ್ ಅವರಿಗೆ ಈಗಲೂ ಕೆಲಸ ಮಾಡುತ್ತದೆ. ಕೆಲಸ ಬಿಟ್ಟು ಹೋದ ಗುಮಾಸ್ತರನ್ನು ಪೂರ್ತಿ ಹೊರಗಿಡಬೇಕು ಎಂದರೆ ಹೊಸ ಮಾಸ್ಟರ್ ಕೀ, ಹೊಸ ರೆಪೊಸಿಟರಿ ಬೇಕು. ಬೇರೆ ದಾರಿ ಇಲ್ಲ.

ಪಾಸ್‌ವರ್ಡಿನಿಂದ ಕೀ ಹುಟ್ಟಿಸಲು ಆರ್ಗಾನ್2ಐಡಿ ಬಳಸಿ. ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ 2015ರಲ್ಲಿ ಗೆದ್ದದ್ದು ಆರ್ಗಾನ್2. 2021ರ ಆರ್‌ಎಫ್‌ಸಿ 9106 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ಅದಕ್ಕೆ ಎರಡು ಅಳತೆ ಸೂಚಿಸುತ್ತದೆ: 2 ಜಿಬಿ ಮೆಮೊರಿ ಮತ್ತು ಒಂದು ಸುತ್ತು, ಇಲ್ಲವೇ 64 ಎಂಬಿ ಮತ್ತು ಮೂರು ಸುತ್ತು. ನಮ್ಮ ಕಚೇರಿಗಳಲ್ಲಿ 4 ಜಿಬಿಯ ಹಳೆಯ ಕಂಪ್ಯೂಟರುಗಳೇ ಜಾಸ್ತಿ. ಹಾಗಾಗಿ ಎರಡನೆಯದನ್ನು ಕನಿಷ್ಠ ಮಟ್ಟ ಎಂದು ಇಟ್ಟುಕೊಂಡು, ಕಂಪ್ಯೂಟರ್ ತಾಳಿದಷ್ಟು ಮೇಲಕ್ಕೆ ಹೋಗಿ. ಈ ಅಳತೆ ಮತ್ತು 16 ಬೈಟಿನ ಸಾಲ್ಟ್ (ಪಾಸ್‌ವರ್ಡಿಗೆ ಬೆರೆಸುವ ಯಾದೃಚ್ಛಿಕ ಬೈಟುಗಳು) ಕೀ ಫೈಲಿನಲ್ಲಿ ತೆರೆದೇ ಇರುತ್ತವೆ. ಆದ್ದರಿಂದ ಓದುವ ಪ್ರೋಗ್ರಾಂ ಒಂದು ಮೇಲ್ಮಿತಿ ಮತ್ತು ಒಂದು ಕೆಳಮಿತಿಯನ್ನು ಕಡ್ಡಾಯವಾಗಿ ನೋಡಲಿ. ಯಾರೋ ಅಲ್ಲಿ 500 ಜಿಬಿ ಮೆಮೊರಿ ಎಂದು ತಿದ್ದಿಟ್ಟರೆ ಪ್ರೋಗ್ರಾಂ ಬಿದ್ದುಹೋಗಬಾರದು, ಅಲ್ವಾ?

ಈಗ ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದ ಜಾಗಕ್ಕೆ ಬರೋಣ. ಪಾಸ್‌ವರ್ಡನ್ನು ಕನ್ನಡದಲ್ಲಿ ಇಡಲು ಬಿಡಲೇಬೇಕು. ಅಂಗಡಿಯವರಿಗೆ ನೆನಪಿರುವುದು ಕನ್ನಡದ ಸಾಲು. ಆದರೆ ಯೂನಿಕೋಡಿನಲ್ಲಿ ‘ಕೋಲಾರ’ ಎಂಬ ಒಂದೇ ಪದಕ್ಕೆ ಬೇರೆ ಬೇರೆ ಬೈಟುಗಳಿರಬಹುದು. ‘ಕೋ’ದ ಸ್ವರಚಿಹ್ನೆ ಒಂದೇ ಸಂಕೇತವಾಗಿ ಇರಬಹುದು, ಇಲ್ಲವೇ ಮೂರು ತುಂಡಾಗಿ ಒಡೆದಿರಬಹುದು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು. ಹಾಗಾಗಿ ಮೊದಲ ರೂಪಕ್ಕೆ 15 ಬೈಟು, ಎರಡನೆಯದಕ್ಕೆ 21 ಬೈಟು. ಪರದೆಯ ಮೇಲೆ ಎರಡೂ ಒಂದೇ. ಆರ್ಗಾನ್ ಕಣ್ಣಿಗೆ ಎರಡೂ ಬೇರೆ ಪಾಸ್‌ವರ್ಡ್. ಡೇಟಾ ಸರಿಯಾಗಿದ್ದೂ, ಪಾಸ್‌ವರ್ಡ್ ಸರಿಯಾಗಿದ್ದೂ, ಬಾಗಿಲು ತೆರೆಯುವುದಿಲ್ಲ.

ಆದ್ದರಿಂದ ಫಾರ್ಮ್ಯಾಟಿನಲ್ಲಿ ಸ್ಪಷ್ಟವಾಗಿ ಬರೆಯಿರಿ: ಪಾಸ್‌ವರ್ಡನ್ನು ಮೊದಲು ಎನ್‌ಎಫ್‌ಸಿ (ಒಡೆದ ತುಂಡುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯೂನಿಕೋಡ್ ನಿಯಮ) ರೂಪಕ್ಕೆ ತಂದು, ಆಮೇಲೆ ಯುಟಿಎಫ್-8 ಬೈಟು ಮಾಡಬೇಕು. ‘ಬ್ಯಾಕಪ್‌ಗಳು’ ಥರದ ಪದಗಳಲ್ಲಿ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ. ಎನ್‌ಎಫ್‌ಸಿ ಅದನ್ನು ಮುಟ್ಟುವುದಿಲ್ಲ. ಪಾಸ್‌ವರ್ಡಿನಲ್ಲಿ ಇಂಥ ಕಾಣದ ಜೋಡಕ ಅಕ್ಷರಗಳು ಬಂದರೆ ತೆಗೆದುಹಾಕಬೇಕೋ ಬೇಡವೋ ಎಂದು ಈಗಲೇ ತೀರ್ಮಾನಿಸಿ. ನನ್ನ ಸಲಹೆ: ತೆಗೆದುಹಾಕಿ. ಫೋನಿನ ಕೀಬೋರ್ಡಿನಲ್ಲಿ ಅದನ್ನು ಹುಡುಕಿ ಟೈಪ್ ಮಾಡುವುದು ಎಲ್ಲರಿಗೂ ಸಾಧ್ಯವಿಲ್ಲ.

ಮಾಸ್ಟರ್ ಕೀಯನ್ನೂ ನೇರವಾಗಿ ಬಳಸಬೇಡಿ. ಎಚ್‌ಕೆಡಿಎಫ್ (ಒಂದು ಕೀಯಿಂದ ಹಲವು ಕೀ ಹುಟ್ಟಿಸುವ ವಿಧಾನ) ಮೂಲಕ ಅದರಿಂದ ಮೂರು ಉಪಕೀ ತೆಗೆಯಿರಿ: ಎನ್‌ಕ್ರಿಪ್ಷನ್‌ಗೆ ಒಂದು, ಚಂಕುಗಳಿಗೆ (ಫೈಲನ್ನು ಕತ್ತರಿಸಿದ ತುಂಡುಗಳಿಗೆ) ಹೆಸರಿಡಲು ಒಂದು, ಚಂಕ್ ಕತ್ತರಿಸಲು ಒಂದು. ಒಂದೇ ಕೀಗೆ ಎರಡು ಕೆಲಸ ಕೊಡಬಾರದು.

ಹಂತ 3: ಫೈಲನ್ನು ಕತ್ತರಿಸುವ ಬಗೆ

ಲೆಕ್ಕದ ಫೈಲಿನ ಮೊದಲಲ್ಲಿ ಒಂದು ಸಾಲು ಸೇರಿತು ಅಂದುಕೊಳ್ಳಿ. ಸಮಾನ ಅಳತೆಯ ತುಂಡುಗಳಾಗಿ ಕತ್ತರಿಸಿದ್ದರೆ ಆ ಸಾಲಿನಿಂದ ಮುಂದೆ ಎಲ್ಲ ತುಂಡುಗಳೂ ಬದಲಾಗುತ್ತವೆ. ಇಡೀ ಫೈಲು ಮತ್ತೆ ಹೋಗಬೇಕು. ಅದರ ಬದಲು ಒಳಗಿನ ಬೈಟುಗಳನ್ನೇ ನೋಡಿ ಎಲ್ಲಿ ಕತ್ತರಿಸಬೇಕು ಎಂದು ನಿರ್ಧರಿಸಿದರೆ, ಒಂದೆರಡು ತುಂಡು ಮಾತ್ರ ಹೊಸದಾಗುತ್ತವೆ. ಮೈಕೆಲ್ ರಾಬಿನ್ ಅವರ ಫಿಂಗರ್‌ಪ್ರಿಂಟ್ ವಿಧಾನ 1981ರದು. 2001ರಲ್ಲಿ ಎಲ್‌ಬಿಎಫ್‌ಎಸ್ ಎಂಬ ಫೈಲ್ ಸಿಸ್ಟಂ ಅದನ್ನು ಈ ಕೆಲಸಕ್ಕೆ ಬಳಸಿತು. ರೆಸ್ಟಿಕ್ ಕೂಡ ಅದೇ ದಾರಿಯದು. ಅಲ್ಲಿ ಕನಿಷ್ಠ 512 ಕೆಬಿ, ಗರಿಷ್ಠ 8 ಎಂಬಿ, ಸರಾಸರಿ 1 ಎಂಬಿ. ನೀವೂ ಅದೇ ಅಳತೆ ಇಟ್ಟುಕೊಳ್ಳಬಹುದು. ವರ್ಚುವಲ್ ಮಷೀನಿನ ಡಿಸ್ಕ್ ಫೈಲುಗಳಿಗೆ ಮಾತ್ರ ಸಮಾನ ಅಳತೆಯೇ ಒಳ್ಳೆಯದು. ಅಲ್ಲಿ ಡೇಟಾ ಇದ್ದಲ್ಲೇ ಬದಲಾಗುತ್ತದೆ, ಸರಿಯುವುದಿಲ್ಲ.

ಕತ್ತರಿಸುವ ನಿಯಮ ಗುಟ್ಟಾಗಿರಬೇಕು. ಎಲ್ಲರಿಗೂ ಸಿಗುವ ಯಾವುದೋ ಫೈಲು ನಿಮ್ಮ ಬಳಿ ಇದೆಯೇ ಎಂದು ತುಂಡುಗಳ ಉದ್ದದ ಸರಣಿ ನೋಡಿಯೇ ಹೇಳಬಹುದು, ಅದನ್ನು ಡೀಕ್ರಿಪ್ಟ್ ಮಾಡುವುದೇ ಬೇಡ. ಅದಕ್ಕೆ ರೆಸ್ಟಿಕ್ ಪ್ರತಿ ರೆಪೊಸಿಟರಿಗೂ ಬೇರೆ ಪಾಲಿನಾಮಿಯಲ್ (ಕತ್ತರಿಸುವ ಲೆಕ್ಕದ ಸೂತ್ರ) ಆರಿಸುತ್ತದೆ, ಬೋರ್ಗ್ ಗುಟ್ಟಿನ ಬೀಜ (ಆ ಲೆಕ್ಕಕ್ಕೆ ಸೇರಿಸುವ ಗುಟ್ಟಿನ ಸಂಖ್ಯೆ) ಬಳಸುತ್ತದೆ. ಆದರೆ ಬೀಜವೊಂದೇ ಸಾಲದು. ಇಂಥ ಗುಟ್ಟುಗಳನ್ನು ಹೊರಗಿನಿಂದಲೇ ಲೆಕ್ಕ ಹಾಕಿ ತೆಗೆಯಬಹುದು ಎಂದು ಕಾಲಿನ್ ಪರ್ಸಿವಲ್ ಮತ್ತು ಜೊತೆಗಾರರು 2025ರಲ್ಲಿ ತೋರಿಸಿದರು. ತುಂಡಿನ ಉದ್ದವೇ ಹೊರಗೆ ಕಾಣದಂತೆ ಮಾಡುವುದು ಇನ್ನೊಂದು ಕಾವಲು. ಅದು ಹಂತ 5ರಲ್ಲಿ ಬರುತ್ತದೆ.

ಹಂತ 4: ಒಂದು ಚಂಕ್ ಬೈಟುಗಳಾಗುವುದು

ಕ್ರಮ ಹೀಗಿರಲಿ. ಮೊದಲು ಚಂಕಿಗೆ ಹೆಸರು: ಹೆಸರಿಡುವ ಉಪಕೀ ಬಳಸಿ ಚಂಕಿನ ಎಚ್‌ಮ್ಯಾಕ್-ಎಸ್‌ಎಚ್‌ಎ-256 (ಕೀ ಸೇರಿಸಿ ತೆಗೆದ ಹ್ಯಾಶ್, ಅಂದರೆ ಡೇಟಾದ ಬೆರಳಚ್ಚು) ತೆಗೆಯಿರಿ. 32 ಬೈಟಿನ ಆ ಉತ್ತರವೇ ಹೆಸರು. ಅದೇ ಹೆಸರು ಮೊದಲೇ ಇದ್ದರೆ ಕೆಲಸ ಮುಗಿಯಿತು, ಮತ್ತೆ ಬರೆಯುವುದು ಬೇಡ. ಕುಗ್ಗಿಸುವ ಮೊದಲಿನ ಡೇಟಾದಿಂದಲೇ ಹೆಸರು ತೆಗೆಯಿರಿ. ಇಲ್ಲದಿದ್ದರೆ ಕಂಪ್ರೆಷನ್ ಲೈಬ್ರರಿಯ ಹೊಸ ಆವೃತ್ತಿ ಬಂದ ದಿನ ಎಲ್ಲ ಹೆಸರೂ ಬದಲಾಗುತ್ತವೆ.

ಆಮೇಲೆ ಝೆಡ್‌ಸ್ಟ್ಯಾಂಡರ್ಡ್‌ನಿಂದ ಕುಗ್ಗಿಸಿ. ಮದುವೆಯ ಜೆಪಿಇಜಿ ಫೋಟೊಗಳು ಕುಗ್ಗುವುದಿಲ್ಲ. ಗಾತ್ರ ಕಡಿಮೆಯಾಗದಿದ್ದರೆ ಹಾಗೇ ಇಟ್ಟು ಒಂದು ಗುರುತು ಹಾಕಿ. ಎನ್‌ಕ್ರಿಪ್ಟ್ ಮಾಡಿದ ಮೇಲೆ ಕುಗ್ಗಿಸುವುದರಿಂದ ಏನೂ ಪ್ರಯೋಜನವಿಲ್ಲ.

ಕೊನೆಗೆ ಎನ್‌ಕ್ರಿಪ್ಷನ್. ನಾನು ಆರಿಸುವುದು ಎಕ್ಸ್‌ಚಾಚಾ20-ಪಾಲಿ1305. ಕಾರಣ ಅದರ ನಾನ್ಸ್ 24 ಬೈಟಿನದು. ನಾನ್ಸ್ ಎಂದರೆ ಒಂದು ಕೀ ಜೊತೆ ಒಮ್ಮೆ ಮಾತ್ರ ಬಳಸುವ ಸಂಖ್ಯೆ. ಅದು ಎರಡು ಸಲ ಬಂದರೆ ರಹಸ್ಯ ಒಡೆದಂತೆ. ಎಇಎಸ್-ಜಿಸಿಎಂ ಎಂಬ ಇನ್ನೊಂದು ವಿಧಾನದಲ್ಲಿ ನಾನ್ಸ್ 12 ಬೈಟು. ಯಾದೃಚ್ಛಿಕವಾಗಿ ಆರಿಸುವುದಾದರೆ ಒಂದು ಕೀಗೆ 2ರ 32ನೇ ಘಾತ, ಅಂದರೆ ಸುಮಾರು 429 ಕೋಟಿ ಸಂದೇಶಗಳ ಮಿತಿ ಇದೆ. ಅದನ್ನು ಎಣಿಸುತ್ತಾ ಕೂರಬೇಕು. 24 ಬೈಟಿನಲ್ಲಿ ಆ ಚಿಂತೆ ಇಲ್ಲ. ಪ್ರತಿ ಸಲ ಹೊಸದಾಗಿ ಯಾದೃಚ್ಛಿಕ ಸಂಖ್ಯೆ ತೆಗೆಯಿರಿ, ಸಾಕು.

1, 2, 3 ಎಂದು ಎಣಿಸುತ್ತಾ ಹೋಗುವ ನಾನ್ಸ್ ಏಕೆ ಬೇಡ? ಪರ್ಸಿವಲ್ ಅವರದೇ ಟಾರ್‌ಸ್ನ್ಯಾಪ್ ಬ್ಯಾಕಪ್ ಸೇವೆಯಲ್ಲಿ ಕೋಡನ್ನು ಮರುಜೋಡಿಸುವಾಗ ನಾನ್ಸ್ ಹೆಚ್ಚಿಸುವ ಭಾಗ ಬಿಟ್ಟುಹೋಗಿತ್ತು. 2011ರ ಜನವರಿಯಲ್ಲಿ ಅವರೇ ಅದನ್ನು ಬಹಿರಂಗವಾಗಿ ಹೇಳಿದರು. ಅಷ್ಟು ತಿಳಿದವರ ಕೋಡಿನಲ್ಲೇ ಹೀಗಾಗಬಹುದು. ಇನ್ನು ನಮ್ಮ ಕಡೆ ಕಂಪ್ಯೂಟರ್ ಕೆಟ್ಟಾಗ ಹಳೆಯ ಡಿಸ್ಕ್ ಇಮೇಜ್ ವಾಪಸ್ ಹಾಕುವುದು ಸಾಮಾನ್ಯ. ಆಗ ಎಣಿಕೆಯೂ ಹಿಂದಕ್ಕೆ ಹೋಗುತ್ತದೆ, ಅದೇ ನಾನ್ಸ್ ಮತ್ತೆ ಬರುತ್ತದೆ.

ಬೈಟುಗಳ ಜೋಡಣೆ ಸರಳ: 24 ಬೈಟು ನಾನ್ಸ್, ಎನ್‌ಕ್ರಿಪ್ಟ್ ಆದ ಡೇಟಾ, 16 ಬೈಟು ಟ್ಯಾಗ್. ಒಟ್ಟು 40 ಬೈಟು ಹೆಚ್ಚುವರಿ. 1 ಎಂಬಿ ಮುಂದೆ ಅದು ಲೆಕ್ಕಕ್ಕಿಲ್ಲ.

ಎನ್‌ಕ್ರಿಪ್ಟ್ ಮಾಡುವಾಗ ‘ಜೊತೆ ಡೇಟಾ’ ಕೊಡುವ ಅವಕಾಶವನ್ನು ತಪ್ಪದೆ ಬಳಸಿ. ಫಾರ್ಮ್ಯಾಟ್ ಆವೃತ್ತಿ, ರೆಪೊಸಿಟರಿ ಗುರುತು, ಇದು ಚಂಕೋ ಇಂಡೆಕ್ಸೋ ಸ್ನ್ಯಾಪ್‌ಶಾಟೋ ಎಂಬ ಜಾತಿ, ಚಂಕಿನ ಹೆಸರು, ಇಷ್ಟನ್ನೂ ಟ್ಯಾಗಿಗೆ ಕಟ್ಟಿ. ಇಲ್ಲದಿದ್ದರೆ ಸರ್ವರ್ ಕಡೆಯವರು ಒಂದು ಚಂಕಿನ ಜಾಗದಲ್ಲಿ ಇನ್ನೊಂದನ್ನು ಇಡಬಹುದು. ಎರಡಕ್ಕೂ ಟ್ಯಾಗ್ ಸರಿಯಾಗಿಯೇ ಇರುತ್ತದಲ್ಲ!

ಹಂತ 5: ಪ್ಯಾಕ್ ಫೈಲು

ಒಂದು ಟಿಬಿ ಫೋಟೊ ಇರುವ ಸ್ಟುಡಿಯೋಗೆ 1 ಎಂಬಿ ಲೆಕ್ಕದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಚಂಕ್ ಆಗುತ್ತವೆ. ಒಂದೊಂದನ್ನೂ ಬೇರೆ ಫೈಲಾಗಿಟ್ಟರೆ ಯುಎಸ್‌ಬಿ ಡಿಸ್ಕು ಏದುಸಿರು ಬಿಡುತ್ತದೆ. ಅದಕ್ಕೆ ಸುಮಾರು 16 ಎಂಬಿಯ ಪ್ಯಾಕುಗಳಲ್ಲಿ ತುಂಬಿ. ಆಗ 65,536 ಫೈಲುಗಳಷ್ಟೇ. ಹೆಕ್ಸ್‌ನಲ್ಲಿ (0-9, a-f) ಬರೆದ ಹೆಸರಿನ ಮೊದಲ ಎರಡು ಅಕ್ಷರದ ಪ್ರಕಾರ 256 ಫೋಲ್ಡರಿಗೆ ಹಂಚಿದರೆ ಒಂದೊಂದರಲ್ಲಿ 256ರ ಆಸುಪಾಸು ಬರುತ್ತದೆ.

ಪ್ಯಾಕಿನೊಳಗೆ ಮೊದಲು ಚಂಕುಗಳು ಸಾಲಾಗಿ ಬರುತ್ತವೆ. ಆಮೇಲೆ ಎನ್‌ಕ್ರಿಪ್ಟ್ ಆದ ಪಟ್ಟಿ. ಅದರಲ್ಲಿ ಪ್ರತಿ ಚಂಕಿನ ಜಾತಿ, ಹೆಸರು, ಉದ್ದ, ಕುಗ್ಗಿಸುವ ಮೊದಲಿನ ಉದ್ದ ಇರುತ್ತದೆ. ಕೊನೆಯ 4 ಬೈಟಿನಲ್ಲಿ ಪಟ್ಟಿಯ ಉದ್ದ. ಪಟ್ಟಿ ಕೊನೆಗೇ ಏಕೆ? ಕೊಬ್ಬರಿ ಮೂಟೆಯನ್ನು ತುಂಬಿ ತೂಕ ಹಾಕಿದ ಮೇಲೆ ತಾನೆ ಬಾಯಿಗೆ ಚೀಟಿ ಹೊಲಿಯುವುದು. ಇಲ್ಲೂ ಹಾಗೇ, ತುಂಬುವಾಗ ಎಷ್ಟು ಬರುತ್ತದೆ ಎಂದು ಗೊತ್ತಿರುವುದಿಲ್ಲ.

ಪಟ್ಟಿ ಎನ್‌ಕ್ರಿಪ್ಟ್ ಆಗಿರುವುದರಿಂದ ಚಂಕಿನ ಗಡಿ ಹೊರಗೆ ಕಾಣುವುದಿಲ್ಲ. ಆದರೆ ದಿನದ ಸಣ್ಣ ಬ್ಯಾಕಪ್ಪಿನಲ್ಲಿ ಪ್ಯಾಕಿನೊಳಗೆ ಒಂದೇ ಚಂಕ್ ಇರಬಹುದು. ಆಗ ಪ್ಯಾಕಿನ ಗಾತ್ರವೇ ಚಂಕಿನ ಗಾತ್ರ. ಅದಕ್ಕೆ ತುಂಬುವ ಬೈಟು ಸೇರಿಸಿ. 2019ರಲ್ಲಿ ಬಂದ ಪಾದ್‌ಮೇ ಎಂಬ ವಿಧಾನ ಹೆಚ್ಚೆಂದರೆ 12% ಜಾಗ ತಿನ್ನುತ್ತದೆ. ಫೈಲು ದೊಡ್ಡದಾದಷ್ಟೂ ಅದು ಇನ್ನೂ ಕಡಿಮೆ.

ಪ್ಯಾಕ್ ಫೈಲಿನ ಹೆಸರು ಅದರ ಎನ್‌ಕ್ರಿಪ್ಟ್ ಆದ ಬೈಟುಗಳ ಎಸ್‌ಎಚ್‌ಎ-256 ಆಗಿರಲಿ. ಇಲ್ಲಿ ಕೀ ಬೇಡ, ಬೇಕಂತಲೇ. ದೂರದ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಇನ್ನೊಂದು ಡಿಸ್ಕ್ ಇಟ್ಟಿದ್ದೀರಿ ಅನ್ನಿ. ಪಾಸ್‌ವರ್ಡ್ ಗೊತ್ತಿಲ್ಲದ ಅವರೂ ತಿಂಗಳಿಗೊಮ್ಮೆ ಪ್ರತಿ ಫೈಲಿನ ಹ್ಯಾಶ್ ತೆಗೆದು ಹೆಸರಿಗೆ ಹೋಲಿಸಬಹುದು. ಕೆಟ್ಟ ಬೈಟು ಅಲ್ಲೇ ಸಿಗುತ್ತದೆ. ಬೇಕೆಂದೇ ತಿದ್ದಿದವರು ಹೆಸರನ್ನೂ ಬದಲಾಯಿಸಬಹುದು. ಅವರನ್ನು ಹಿಡಿಯುವುದು ಒಳಗಿನ ಟ್ಯಾಗುಗಳು.

ಒಂದು ಚಂಕ್ ಕೆಟ್ಟರೆ ಅದನ್ನು ಹಂಚಿಕೊಂಡ ಎಲ್ಲ ಸ್ನ್ಯಾಪ್‌ಶಾಟೂ ಕೆಡುತ್ತವೆ. ಉಳಿಸಿದ ಜಾಗಕ್ಕೆ ತೆರುವ ಬೆಲೆ ಇದು. ಕೆಟ್ಟ ಬೈಟನ್ನು ಸರಿಪಡಿಸುವ, ರೀಡ್-ಸಾಲಮನ್ ಥರದ ಹೆಚ್ಚುವರಿ ಬೈಟು ಸೇರಿಸಬಹುದು. ಆದರೆ ಡಿಸ್ಕೇ ಸತ್ತರೆ ಅದೂ ಸಾಯುತ್ತದೆ. ಎರಡೂರಿನಲ್ಲಿ ಎರಡು ಪ್ರತಿ ಇಡುವುದೇ ಮೇಲು.

ಹಂತ 6: ಫೋಲ್ಡರ್, ಫೈಲಿನ ಹೆಸರು

ಪ್ರತಿ ಫೋಲ್ಡರಿಗೂ ಒಂದು ಪಟ್ಟಿ: ಹೆಸರು, ಗಾತ್ರ, ಸಮಯ, ಅನುಮತಿ, ಚಂಕುಗಳ ಹೆಸರುಗಳು. ಆ ಪಟ್ಟಿಯೂ ಒಂದು ಚಂಕ್. ಹೆಸರುಗಳನ್ನು ಬೈಟಿನ ಕ್ರಮದಲ್ಲೇ ಜೋಡಿಸಿ. ಬದಲಾಗದ ಫೋಲ್ಡರ್ ಯಾವ ದಿನವೂ ಅದೇ ಬೈಟು, ಅದೇ ಹೆಸರು ಕೊಡಬೇಕು.

ಪಾಸ್‌ವರ್ಡಿಗೆ ಹೇಳಿದ್ದಕ್ಕೆ ತದ್ವಿರುದ್ಧ ನಿಯಮ ಇಲ್ಲಿ. ಫೈಲಿನ ಹೆಸರನ್ನು ಮುಟ್ಟಬೇಡಿ. ‘ಕೊಬ್ಬರಿ’ ಎಂಬ ಹೆಸರು 21 ಬೈಟಾಗಿಯೂ ಇರಬಹುದು, ಒಡೆದ ರೂಪದಲ್ಲಿ 24 ಬೈಟಾಗಿಯೂ ಇರಬಹುದು. ಲಿನಕ್ಸ್ ಫೋಲ್ಡರಿನಲ್ಲಿ ಎರಡೂ ಅಕ್ಕಪಕ್ಕ ಇರಬಲ್ಲವು. ನೀವು ಎನ್‌ಎಫ್‌ಸಿ ಮಾಡಿದರೆ ಒಂದು ಫೈಲು ಮಾಯ. ಹಳೆಯ ಡಿಸ್ಕುಗಳಲ್ಲಿ ಯುಟಿಎಫ್-8 ಅಲ್ಲದ ಹೆಸರುಗಳೂ ಸಿಗುತ್ತವೆ. ಬಂದ ಬೈಟನ್ನು ಹಾಗೇ ಇಡಿ, ಯಾವ ಸಿಸ್ಟಮಿನಿಂದ ಬಂತು ಎಂದು ಪಕ್ಕದಲ್ಲಿ ಬರೆಯಿರಿ.

ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಸಮಯ) ಇಡಿ. ನಮ್ಮ ಸಮಯಕ್ಕೆ ತಿರುಗಿಸುವುದು ತೋರಿಸುವಾಗ ಮಾತ್ರ.

ಹಂತ 7: ಇಂಡೆಕ್ಸ್, ಸ್ನ್ಯಾಪ್‌ಶಾಟ್, ಬರೆಯುವ ಕ್ರಮ

ಯಾವ ಚಂಕ್ ಯಾವ ಪ್ಯಾಕಿನಲ್ಲಿ ಎಲ್ಲಿದೆ ಎಂದು ಹೇಳುವುದು ಇಂಡೆಕ್ಸ್. ಒಂದು ನಮೂದಿಗೆ ಹೆಸರಿನ 32 ಬೈಟು, ಜಾಗ ಮತ್ತು ಉದ್ದಗಳಿಗೆ 12 ಬೈಟು. ಹತ್ತು ಲಕ್ಷ ಚಂಕಿಗೆ ಸುಮಾರು 44 ಎಂಬಿ. ಹಳೆಯ ಕಂಪ್ಯೂಟರಿನ ಮೆಮೊರಿಯಲ್ಲೂ ಹಿಡಿಯುತ್ತದೆ. ಇಂಡೆಕ್ಸ್ ಪೂರ್ತಿ ಕಳೆದರೂ ಪ್ಯಾಕುಗಳ ಪಟ್ಟಿಗಳಿಂದ ಮತ್ತೆ ಕಟ್ಟಲು ಆಗಬೇಕು. ಇಂಡೆಕ್ಸಿನಲ್ಲಿ ಮಾತ್ರ ಇರುವ ಮಾಹಿತಿ ಏನೂ ಇರಬಾರದು.

ಸ್ನ್ಯಾಪ್‌ಶಾಟ್ ಸಣ್ಣ ಫೈಲು: ಯಾವ ಕಂಪ್ಯೂಟರ್, ಯಾವಾಗ, ಮೇಲಿನ ಫೋಲ್ಡರಿನ ಚಂಕ್ ಯಾವುದು, ಹಿಂದಿನ ಸ್ನ್ಯಾಪ್‌ಶಾಟ್ ಯಾವುದು.

ನಮ್ಮ ಊರುಗಳಲ್ಲಿ ಬ್ಯಾಕಪ್ ನಡೆಯುವಾಗ ಕರೆಂಟ್ ಹೋಗುವುದು ಅಪರೂಪವಲ್ಲ. ಯುಪಿಎಸ್ ಬ್ಯಾಟರಿ ಸತ್ತಿರುವುದೂ ಅಪರೂಪವಲ್ಲ. ಅದಕ್ಕೆ ಕ್ರಮವೇ ಕಾವಲು. ಮೊದಲು ಪ್ಯಾಕುಗಳು, ಆಮೇಲೆ ಇಂಡೆಕ್ಸ್, ಎಲ್ಲಕ್ಕಿಂತ ಕೊನೆಗೆ ಸ್ನ್ಯಾಪ್‌ಶಾಟ್. ಎಲ್ಲಿ ನಿಂತರೂ ಉಳಿಯುವುದು ಯಾರೂ ಬಳಸದ ಒಂದಿಷ್ಟು ಪ್ಯಾಕು. ಜಾಗ ದಂಡ, ಹಾನಿಯಿಲ್ಲ. ಪ್ರತಿ ಫೈಲನ್ನೂ ತಾತ್ಕಾಲಿಕ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ (ಬರೆದದ್ದು ಡಿಸ್ಕಿಗೆ ಹೋಗಿಯೇ ತೀರುವಂತೆ ಮಾಡುವ ಆದೇಶ) ಮಾಡಿ, ನಿಜವಾದ ಹೆಸರಿಗೆ ಬದಲಾಯಿಸಿ, ಫೋಲ್ಡರನ್ನೂ ಎಫ್‌ಸಿಂಕ್ ಮಾಡಿ. ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅದಿಲ್ಲದಿದ್ದರೆ ಡೇಟಾ ಡಿಸ್ಕಿನಲ್ಲಿದ್ದು ಹೆಸರೇ ಇಲ್ಲದಂತಾಗಬಹುದು.

ಬರೆದ ಫೈಲನ್ನು ಎಂದೂ ತಿದ್ದಬಾರದು. ಈ ಒಂದು ನಿಯಮದಿಂದ ಸರ್ವರಿನ ಕೆಲಸ ಸುಲಭವಾಗುತ್ತದೆ: ಹೊಸ ಹೆಸರಿಗೆ ಮಾತ್ರ ಅನುಮತಿ, ಮೇಲೆ ಬರೆಯುವುದಕ್ಕೂ ಅಳಿಸುವುದಕ್ಕೂ ಇಲ್ಲ. ರ‍್ಯಾನ್ಸಮ್‌ವೇರ್ ಕಚೇರಿಯ ಕಂಪ್ಯೂಟರನ್ನು ಹಿಡಿದರೂ ಹಳೆಯ ಸ್ನ್ಯಾಪ್‌ಶಾಟ್‌ಗಳಿಗೆ ಕೈ ಹಾಕಲು ಆಗುವುದಿಲ್ಲ.

ಹಂತ 8: ಅಳಿಸುವುದು

ಬೇರೆ ಕಂಪ್ಯೂಟರಿನಿಂದ, ಬೇರೆ ಅನುಮತಿಯಿಂದ ಮಾಡಿ. ಕ್ರಮ ಉಲ್ಟಾ: ಮೊದಲು ಸ್ನ್ಯಾಪ್‌ಶಾಟ್, ಆಮೇಲೆ ಹೊಸ ಇಂಡೆಕ್ಸ್ ಬರೆದು ಅದು ಯಾವ ಹಳೆಯ ಇಂಡೆಕ್ಸಿನ ಬದಲು ಎಂದು ಗುರುತಿಸುವುದು, ಕೊನೆಗೆ ಪ್ಯಾಕ್.

ಅಪಾಯ ಒಂದಿದೆ. ನೀವು ಪ್ಯಾಕ್ ಅಳಿಸುವ ಹೊತ್ತಿನಲ್ಲೇ ಇನ್ನೊಂದು ಕಂಪ್ಯೂಟರ್ ‘ಈ ಚಂಕ್ ಇದೆಯಲ್ಲ’ ಎಂದು ಅದನ್ನೇ ನೆಚ್ಚಿಕೊಂಡಿರಬಹುದು. ಅದಕ್ಕೆ ಎರಡು ಸಲ ಅಳಿಸಿ. ಮೊದಲು ‘ಈ ಪ್ಯಾಕ್ ಹೋಗಲಿದೆ’ ಎಂಬ ಗುರುತಿನ ಫೈಲು ಬರೆಯಿರಿ. ಅದನ್ನು ಕಂಡ ಯಾವ ಕಂಪ್ಯೂಟರೂ ಆ ಪ್ಯಾಕನ್ನು ನಂಬಬಾರದು. ಅತಿ ಉದ್ದದ ಬ್ಯಾಕಪ್ಪಿಗಿಂತ ಜಾಸ್ತಿ ಸಮಯ, ಒಂದು ವಾರ ಅನ್ನಿ, ಕಾದು ಮತ್ತೆ ಪರೀಕ್ಷಿಸಿ ನಿಜವಾಗಿ ಅಳಿಸಿ.

ಹಂತ 9: ಆವೃತ್ತಿ

ಒಂದು ಆವೃತ್ತಿ ಸಂಖ್ಯೆಗೆ ಒಂದೇ ಅಲ್ಗಾರಿದಂ ಗುಂಪು. ‘ಯಾವುದು ಬೇಕೋ ಆರಿಸಿಕೊಳ್ಳಿ’ ಎಂಬ ಆಯ್ಕೆ ಇಡಬೇಡಿ, ಅದು ದುರ್ಬಲವಾದದ್ದಕ್ಕೆ ಇಳಿಸಲು ಬಾಗಿಲು. ಲಿನಕ್ಸಿನ ಎಕ್ಸ್ಟ್4 ಫೈಲ್ ಸಿಸ್ಟಮಿನಂತೆ ಹೊಸ ಸೌಲಭ್ಯಗಳನ್ನು ವಿಂಗಡಿಸಿ: ಗೊತ್ತಿಲ್ಲದಿದ್ದರೂ ನಡೆಯುವವು, ಗೊತ್ತಿಲ್ಲದಿದ್ದರೆ ಓದಬಹುದು ಆದರೆ ಬರೆಯಬಾರದವು, ಗೊತ್ತಿಲ್ಲದಿದ್ದರೆ ತೆರೆಯಲೇಬಾರದವು.

ಹಂತ 10: ವಾಪಸ್ ತೆಗೆಯುವ ಪರೀಕ್ಷೆ

ಫಾರ್ಮ್ಯಾಟಿನ ಪೂರ್ತಿ ವಿವರಣೆಯನ್ನು, ಕನ್ನಡದಲ್ಲೂ ಇಂಗ್ಲಿಷಿನಲ್ಲೂ, ಎನ್‌ಕ್ರಿಪ್ಟ್ ಮಾಡದೆ ರೆಪೊಸಿಟರಿಯ ಒಳಗೇ ಒಂದು ಪಠ್ಯ ಫೈಲಾಗಿ ಇಡಿ. ಆಮೇಲೆ ಆ ಫೈಲನ್ನು ಮಾತ್ರ ಇನ್ನೊಬ್ಬ ಗೆಳೆಯನಿಗೋ ಗೆಳತಿಗೋ ಕೊಟ್ಟು, ನಿಮ್ಮ ಕೋಡ್ ನೋಡದೆ ಪೈಥಾನಿನಲ್ಲಿ ಓದುವ ಪ್ರೋಗ್ರಾಂ ಬರೆಸಿ. ಅವರು ಕೇಳುವ ಪ್ರತಿ ಪ್ರಶ್ನೆಯೂ ವಿವರಣೆಯಲ್ಲಿ ಬಿಟ್ಟುಹೋದ ಒಂದು ಸಾಲು.

ಸಣ್ಣದೊಂದು ಮಾದರಿ ರೆಪೊಸಿಟರಿ ಮಾಡಿ. ಪಾಸ್‌ವರ್ಡ್ ‘ಕೋಲಾರ’ ಇರಲಿ, ಎರಡೂ ಬೈಟು ರೂಪದಿಂದ ತೆರೆಯಬೇಕು. ಒಳಗೆ ಎರಡು ರೂಪದ ‘ಕೊಬ್ಬರಿ’ ಫೈಲು, ಒಂದು ಖಾಲಿ ಫೈಲು, ಒಂದು 10 ಎಂಬಿ ಫೈಲು ಇರಲಿ. ಪ್ರತಿ ಫೈಲಿನಲ್ಲೂ ಒಂದೊಂದು ಬಿಟ್ ತಿರುಗಿಸಿ ನೋಡಿ. ಪಟ್ಟಿಯ ಉದ್ದವನ್ನು ಪ್ಯಾಕಿಗಿಂತ ದೊಡ್ಡದು ಮಾಡಿ. ಎರಡು ಪ್ಯಾಕುಗಳ ಹೆಸರು ಅದಲು ಬದಲು ಮಾಡಿ. ಕುಗ್ಗಿಸುವ ಮೊದಲಿನ ಉದ್ದವಾಗಿ ಭಾರೀ ಸಂಖ್ಯೆ ಬರೆದ ಪ್ಯಾಕ್ ಒಂದನ್ನು ಮಾಡಿ. ಫೈಲಿನ ಹೆಸರಾಗಿ ಎರಡು ಚುಕ್ಕಿ ಮತ್ತು ಓರೆಗೆರೆ ಇಟ್ಟು ಗೊತ್ತುಮಾಡಿದ ಫೋಲ್ಡರಿನ ಹೊರಗೆ ಬರೆಸಲು ಪ್ರಯತ್ನಿಸಿ. ಇಂಡೆಕ್ಸ್ ಫೋಲ್ಡರನ್ನೇ ಅಳಿಸಿ. ಪ್ರತಿ ಸಲವೂ ಪ್ರೋಗ್ರಾಂ ಯಾವ ಫೈಲು ಕೆಟ್ಟಿದೆ, ಅದರಿಂದ ಯಾವ ಯಾವ ಸ್ನ್ಯಾಪ್‌ಶಾಟಿಗೆ ತೊಂದರೆ ಎಂದು ಹೇಳಿ, ಉಳಿದದ್ದನ್ನು ವಾಪಸ್ ಕೊಡಬೇಕು. ಇಂಡೆಕ್ಸ್ ಹೋದಾಗ ಮಾತ್ರ ಏನೂ ಕಳೆಯದೆ ಎಲ್ಲವೂ ಮತ್ತೆ ಬರಬೇಕು. ಆ ಪರೀಕ್ಷೆ ಪಾಸಾಗುವವರೆಗೆ ಆವೃತ್ತಿ ಸಂಖ್ಯೆ 0 ಇರಲಿ. ಪಾಸಾದ ದಿನ 1 ಎಂದು ಬರೆದು, ಮಾದರಿ ರೆಪೊಸಿಟರಿಯನ್ನು ಕೋಡ್ ಜೊತೆಗೇ ಪ್ರಕಟಿಸಿ.